ಮಾಂಟೇನನ ಮಿತ್ರಋಣ

೧೫೮೧ನೆಯ ಇಸವಿ ಮೇ ತಿಂಗಳ ೧೧ನೆಯ ತಾರೀಖು. ಇಟಲಿ ದೇಶದ ಲೂಕಾ ಪಟ್ಟಣಕ್ಕೆ ಸಮೀಪದಲ್ಲಿ, ಬೆಟ್ಟಗಳ ನಡುವೆ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಒಂದು ಚಿಕ್ಕ ಊರು. ಮೂತ್ರಪಿಂಡದ ಕಲ್ಲಿನ ಬೇನೆಯಿಂದ ಬಹುಕಾಲ ನರಳಿದ ಫ್ರೆಂಚ್ ಗೃಹಸ್ಥನೊಬ್ಬನು ಆ ನೀರನ್ನು ಕುಡಿದು ಅದರಲ್ಲಿ ಮಿಂದರೆ ಗುಣವಾದೀತೆಂಬ ಆಸೆಯಿಂದ ಅಲ್ಲಿಗೆ ಬಂದಿಳಿದಿದ್ದನು. ಅವನಿಗೆ ಆಗ ನಲವತ್ತೆಂಟು ವರ್ಷ. ಆ ದಿನ ಬೆಳಗ್ಗೆ ಅವನು ದೊಸ್ಸಾ ಎಂಬ ಪರಿಚಿತನಿಗೆ ಕಾಗದ ಬರೆಯುತ್ತ ಕುಳಿತಿದ್ದನು. ಬರೆಯುತ್ತಿರುವ ಹಾಗೆಯೇ ಹದಿನೆಂಟು ವರ್ಷಗಳ ಹಿಂದೆ ತೀರಿಹೋಗಿದ್ದ ಗೆಳೆಯನೊಬ್ಬನ ನೆನಪು ಬಂದಿತು. ಬಂದ ನೆನಪು ಹೋಗಲಿಲ್ಲ. ಬಹಳ ಹೊತ್ತು ಅವನು ಅದರಲ್ಲಿಯೇ ಮುಳುಗಿದ್ದು, ಅದರಿಂದ ಮೇಲೇಳಲಾರದೆ, ತನಗೆ ತುಂಬ ಕೆಡುಕಾಯಿತೆಂದು ತನ್ನ ದಿನಚರಿಯಲ್ಲಿ ಗುರುತು ಹಾಕಿಕೊಂಡನು. ಒಂದೆರಡು ಪಂಕ್ತಿ, ಅಷ್ಟೇ. ಅದರ ಹಿಂದೆ ಮುಂದೆಲ್ಲ ಇಂದು ಎಷ್ಟು ನೀರು ಕುಡಿದೆ, ಎಷ್ಟು ಹೊತ್ತು ಮಿಂದೆ, ಹೊಟ್ಟೆಯ ಸ್ಥಿತಿ ಹೇಗಿತ್ತು ಎಂಬ ರೋಗಿಯ ಲೆಕ್ಕಾಚಾರ.

ಆ ಗೃಹಸ್ಥನು ಮಿಷೆಲ್ ದ ಮಾಂಟೇನ್. ಗೆಳೆಯನು ಎತಿಯೆನ್ ದ ಲಾ ಬೊಯೆತಿ. ಇವರಿಬ್ಬರ ಸ್ನೇಹದ ವಿಚಾರವನ್ನು ಪಾಶ್ಚಾತ್ಯ ಸಾಹಿತ್ಯವನ್ನು ಓದಿದವರೆಲ್ಲರೂ ಬಲ್ಲರು. ಮಾಂಟೇನನೇ ಅದನ್ನು ಕುರಿತು ತನ್ನ ಪ್ರಬಂಧಗಳಲ್ಲಿ ಎಷ್ಟೋ ಕಡೆ ಬರೆದಿದ್ದಾನೆ. ಆದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಆ ಪ್ರಬಂಧಗಳ ನೂರು ವಾಕ್ಯಗಳಿಗಿಂತ ದಿನಚರಿಯ ಈ ಎರಡು ಪಂಕ್ತಿಗಳು ಹೆಚ್ಚಿನ ಸಾಕ್ಷ್ಯವಾಗಿ ತೋರುತ್ತವೆ. ಏಕೆಂದರೆ ಪ್ರಬಂಧಗಳು ಲೋಕ ಓದಲೆಂದು ಬರೆದು ಅಚ್ಚು ಹಾಕಿಸಿದವು. ಅಲ್ಲಿ ಶೋಕವೂ ಒಂದಿಷ್ಟು ಉಡುಪು ತೊಟ್ಟುಕೊಂಡೇ ಬರುತ್ತದೆ. ದಿನಚರಿಯಾದರೋ ಅವನು ಪ್ರಕಟಿಸಿದ ಗ್ರಂಥವಲ್ಲ. ಅವನ ಮನೆಯ ಹಳೆಯ ಪೆಟ್ಟಿಗೆಯೊಂದರಲ್ಲಿ ಸುಮಾರು ೧೯೦ ವರ್ಷ ಬಿದ್ದಿದ್ದು, ೧೭೭೦ರಲ್ಲಿ ಒಬ್ಬ ಪಾದ್ರಿಯ ಕೈಗೆ ಸಿಕ್ಕಿ, ೧೭೭೪ರಲ್ಲಿ ಅಚ್ಚಾಯಿತು. ಯಾರೂ ನೋಡದ ಕಡೆ, ಹದಿನೆಂಟು ವರ್ಷದ ತರುವಾಯ, ಮೈಯಲ್ಲಿ ಸ್ವಸ್ಥವಿಲ್ಲದ ಒಂದು ಬೆಳಗ್ಗೆ ಬಂದ ದುಃಖವನ್ನು ಸುಳ್ಳೆನ್ನಲು ಆಗುವುದಿಲ್ಲ.

ಈ ಭಾಷಣದಲ್ಲಿ ನಾವು ಹೇಳಬೇಕೆಂದಿರುವುದು ಆ ದುಃಖದ ವಿಚಾರವನ್ನು ಮಾತ್ರವಲ್ಲ. ದುಃಖವನ್ನು ಕೈಯಲ್ಲಿ ಹಿಡಿದುಕೊಂಡೇ ಆ ಮನುಷ್ಯನು ಮಿತ್ರನಿಗೆ ಸಲ್ಲಿಸಿದ ಕೃತಜ್ಞತೆಯ ಕೆಲಸಗಳಿವೆ. ಅವುಗಳಲ್ಲಿ ಕೆಲವು ನೆಟ್ಟಗೆ ನಡೆದುವು, ಕೆಲವು ನಡೆಯಲಿಲ್ಲ. ನಡೆಯದಿದ್ದುದರ ಕಥೆಯೂ ಕೇಳತಕ್ಕದ್ದಾಗಿದೆ.

ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಮಾಂಟೇನನು ಹುಟ್ಟಿದ್ದು ೧೫೩೩ರಲ್ಲಿ, ತೀರಿಕೊಂಡದ್ದು ೧೫೯೨ರಲ್ಲಿ. ಅವನು ಹುಟ್ಟಿದಾಗ ನಮ್ಮಲ್ಲಿ ಅಚ್ಯುತದೇವರಾಯನು ವಿಜಯನಗರದ ಸಿಂಹಾಸನದಲ್ಲಿದ್ದನು. ಅವನು ಮಿತ್ರನನ್ನು ಕಳೆದುಕೊಂಡ ಒಂದೂವರೆ ವರ್ಷದೊಳಗೆ, ೧೫೬೫ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧವಾಗಿ ಹಂಪೆ ಹಾಳಾಯಿತು. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಇಸವಿಗಳನ್ನು ಹೇಳಿದರೆ ಸಾಲದು, ನಮ್ಮ ನೆಲದ ಒಂದು ಗುರುತು ಪಕ್ಕದಲ್ಲಿದ್ದರೆ ಕೇಳುವವರ ಮನಸ್ಸಿನಲ್ಲಿ ಅವು ನಿಲ್ಲುತ್ತವೆಂದು ಹೇಳಿದೆವು. ಫ್ರಾನ್ಸಿನಲ್ಲಿಯೂ ಅದು ನೆಮ್ಮದಿಯ ಕಾಲವಲ್ಲ. ೧೫೬೨ರಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಕದನ ಮೊದಲಾಗಿ, ನಡುನಡುವೆ ಸಂಧಿಗಳಾಗುತ್ತ ಮುರಿಯುತ್ತ, ಆ ಶತಮಾನ ಮುಗಿಯುವವರೆಗೂ ಎಳೆಯಿತು. ಒಂದೇ ಮನೆಯೊಳಗೆ ಅಣ್ಣ ಒಂದು ಮತ, ತಮ್ಮ ಇನ್ನೊಂದು ಮತ. ಮಾಂಟೇನನ ಮನೆಯಲ್ಲಿಯೂ ಹಾಗೆಯೇ ಆಗಿತ್ತು.

ಇಬ್ಬರು ಗೆಳೆಯರೂ ಬೋರ್ದೋ ಪಟ್ಟಣದ ‘ಪಾರ್ಲ್‌ಮಾಂ’ ಸಭೆಯ ಸದಸ್ಯರು. ಹೆಸರು ಇಂಗ್ಲೆಂಡಿನ ಪಾರ್ಲಿಮೆಂಟನ್ನು ನೆನಪಿಗೆ ತಂದರೂ ಇದು ಕಾನೂನು ಮಾಡುವ ಸಭೆಯಲ್ಲ. ನಮ್ಮ ಹೈಕೋರ್ಟಿನಂಥ ನ್ಯಾಯಸ್ಥಾನ. ಲಾ ಬೊಯೆತಿ ಮಾಂಟೇನನಿಗಿಂತ ಎರಡು ವರ್ಷಕ್ಕೆ ಮೇಲ್ಪಟ್ಟು ದೊಡ್ಡವನು. ಸಾರ್ಲಾ ಎಂಬ ಊರಿನವನು. ಒರ್ಲೆಯಾನಿನಲ್ಲಿ ನ್ಯಾಯಶಾಸ್ತ್ರ ಓದಿ, ಗ್ರೀಕ್ ಲ್ಯಾಟಿನ್ ಭಾಷೆಗಳಲ್ಲಿ ಪಂಡಿತನೆನಿಸಿ, ೧೫೫೪ರಲ್ಲಿಯೇ ನ್ಯಾಯಸಭೆಯನ್ನು ಸೇರಿದ್ದನು. ಮಾಂಟೇನನು ಅಲ್ಲಿಗೆ ಬಂದದ್ದು ೧೫೫೭ರಲ್ಲಿ. ಊರಿನ ಒಂದು ದೊಡ್ಡ ಔತಣದ ಸಂದರ್ಭದಲ್ಲಿ ಅವರು ಮೊದಲು ಸಂಧಿಸಿದರು. ಅದಕ್ಕೆ ಮುಂಚೆಯೇ ಒಬ್ಬರ ವಿಚಾರ ಒಬ್ಬರು ಕೇಳಿದ್ದರು. ಲಾ ಬೊಯೆತಿ ಹುಡುಗನಾಗಿದ್ದಾಗ ಬರೆದ ಒಂದು ಪ್ರಬಂಧದ ಕೈಬರಹ ಮಾಂಟೇನನ ಕಣ್ಣಿಗೆ ಬಿದ್ದಿತ್ತು. ಆ ಒಂದು ಭೇಟಿಯಲ್ಲಿಯೇ ಇಬ್ಬರ ಮನಸ್ಸೂ ಕೂಡಿಹೋಯಿತೆಂದು ಅವನು ಹೇಳುತ್ತಾನೆ. ಅವರ ಸ್ನೇಹ ನಡೆದದ್ದು ಕೇವಲ ನಾಲ್ಕು ವರ್ಷ, ಅಥವಾ ಒಂದೆರಡು ವರ್ಷ ಹೆಚ್ಚು. ಒಬ್ಬರನ್ನೊಬ್ಬರು ಸಹೋದರನೆಂದು ಕರೆಯುತ್ತಿದ್ದರು. ಫ್ರೆಂಚಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಮಾತು. ಕನ್ನಡದಲ್ಲಿ ಹೇಳುವ ನಾವು ಒಬ್ಬನನ್ನು ಅಣ್ಣನನ್ನಾಗಿ ಇನ್ನೊಬ್ಬನನ್ನು ತಮ್ಮನನ್ನಾಗಿ ಮಾಡಬೇಕಾಗುತ್ತದೆ. ಅವರ ಸಂಬಂಧ ಇದ್ದದ್ದೂ ಹಾಗೆಯೇ ಎಂದು ತೋರುತ್ತದೆ. ಆಗಿನ್ನೂ ಮಾಂಟೇನನು ಹೆಸರಿಲ್ಲದ ತರುಣ, ಮನಸ್ಸು ಕಂಡಕಂಡಲ್ಲಿಗೆ ಹರಿಯುತ್ತಿದ್ದವನು. ಲಾ ಬೊಯೆತಿಯೋ ಮದುವೆಯಾಗಿ, ಕೆಲಸದಲ್ಲಿ ಒಳ್ಳೆಯ ಹೆಸರು ಪಡೆದು, ೧೫೬೧ರಲ್ಲಿ ಆಜೆನ್ ಸೀಮೆಯ ಮತಕಲಹವನ್ನು ಶಮನಮಾಡಲು ಕಳುಹಲ್ಪಟ್ಟವರಲ್ಲಿ ಒಬ್ಬನಾಗಿದ್ದನು. ದೊಡ್ಡ ಕೆಲಸಗಳು ಅವನಿಗಾಗಿ ಕಾದಿದ್ದುವೆಂದು ಊಹಿಸುವುದರಲ್ಲಿ ತಪ್ಪಿಲ್ಲ.

೧೫೬೩ರ ಆಗಸ್ಟ್ ೯ನೆಯ ತಾರೀಖು, ಸೋಮವಾರ, ಮಾಂಟೇನನು ಮಿತ್ರನನ್ನು ಊಟಕ್ಕೆ ಕರೆಯಕಳುಹಿಸಿದನು. ಮೈ ಸರಿಯಾಗಿಲ್ಲ, ಮೆಡಾಕ್ ಪ್ರಾಂತಕ್ಕೆ ಹೊರಡುವವನಿದ್ದೇನೆ, ಹೊರಡುವ ಮುಂಚೆ ನೀನೇ ಬಂದು ಒಂದು ಗಳಿಗೆ ಕುಳಿತು ಹೋಗು ಎಂಬರ್ಥದ ಉತ್ತರ ಬಂದಿತು. ಮಾಂಟೇನನು ಹೋಗಿ ನೋಡಿದರೆ ಆಮಶಂಕೆ, ಹೊಟ್ಟೆನೋವು. ಅವನ ಮನೆಯ ಸುತ್ತಮುತ್ತ ಪ್ಲೇಗೂ ಇತ್ತು. ಊರು ಬಿಟ್ಟು ಹೊರಡುವುದು ಒಳ್ಳೆಯದು, ಆದರೆ ಬಹುದೂರ ಹೋಗಬೇಡವೆಂದು ಹೇಳಿ, ಹತ್ತಿರದ ಜೆರ್ಮಿನ್ಯಾನ್ ಎಂಬ ಹಳ್ಳಿಯಲ್ಲಿದ್ದ ತನ್ನ ಭಾವಮೈದುನನ ಮನೆಯಲ್ಲಿ ಇಳಿಸಿದನು. ಮುಂದಿನ ಒಂಬತ್ತು ದಿವಸಗಳ ವೃತ್ತಾಂತವನ್ನು ಮಾಂಟೇನನು ತನ್ನ ತಂದೆಗೆ ಬರೆದ ದೀರ್ಘವಾದ ಕಾಗದವೊಂದರಲ್ಲಿ ಕಾಣುತ್ತೇವೆ.

ರೋಗ ಏರಿತು. ಅದು ಅಂಟುವಂಥದಿರಬಹುದು, ನೋಡಲು ಅಸಹ್ಯವೂ ಹೌದು, ಆದಕಾರಣ ನೀನು ಆಗಾಗ್ಗೆ ಬಂದು ಹೋಗುತ್ತಿದ್ದರೆ ಸಾಕು, ಆದರೆ ಆದಷ್ಟು ಹೆಚ್ಚು ಸಲ ಬಾ ಎಂದು ಲಾ ಬೊಯೆತಿ ಕೇಳಿಕೊಂಡನು. ಅಲ್ಲಿಂದ ಮುಂದೆ ಮಾಂಟೇನನು ಅವನ ಪಕ್ಕವನ್ನು ಬಿಟ್ಟೇಳಲಿಲ್ಲ. ೧೪ನೆಯ ತಾರೀಖು ಮರಣಶಾಸನ ಬರೆಸಿದ್ದಾಯಿತು. ಹೆಂಡತಿಗೆ, ಸಾಕಿ ಬೆಳೆಸಿದ ಚಿಕ್ಕಪ್ಪನಿಗೆ, ಸಲ್ಲತಕ್ಕುದನ್ನು ಹೇಳಿದ ಮೇಲೆ, ತನ್ನ ಪುಸ್ತಕಗಳೆಲ್ಲವನ್ನೂ ನೆನಪಿನ ಕುರುಹಾಗಿ ಮಾಂಟೇನನಿಗೆ ಕೊಟ್ಟನು. ಹಾಸಿಗೆಯ ಬಳಿ ನಿಂತಿದ್ದ ಮಾಂಟೇನನ ತಮ್ಮನು ಹೊಸ ಮತದ ಕಡೆ ಒಲಿದವನು. ಅವನನ್ನು ಹತ್ತಿರ ಕರೆದು, ನಿನ್ನ ಶ್ರದ್ಧೆ ನಿಜವಾದದ್ದೆಂದು ಬಲ್ಲೆ, ಆದರೆ ಅತಿಗೆ ಹೋಗಿ ಮನೆಯನ್ನು ಒಡೆಯಬೇಡ ಎಂಬ ಬುದ್ಧಿ ಹೇಳಿದನು. ಸಾಯುವವನ ಧೈರ್ಯವನ್ನು ನೋಡಿ ಬದುಕುವ ತನಗೆ ನಾಚಿಕೆಯಾಯಿತೆಂದು ಮಾಂಟೇನನು ಬರೆಯುತ್ತಾನೆ: ಅನುಭವಿಸುವವನಿಗೆ ಆಡುವಷ್ಟು ಧೈರ್ಯವಿದೆ, ತನಗೆ ಕೇಳುವಷ್ಟೂ ಇಲ್ಲ. ಕೊನೆಯ ರಾತ್ರಿ ಜ್ವರದ ಭ್ರಮೆಯಲ್ಲಿ ಲಾ ಬೊಯೆತಿ ತನಗೆ ಒಂದು ‘ಸ್ಥಳ’ ಕೊಡೆಂದು ಮತ್ತೆ ಮತ್ತೆ ಬೇಡಿದನು. ತಮ್ಮಾ, ನನಗೆ ಸ್ಥಳವಿಲ್ಲವೆನ್ನುವೆಯಾ ಎಂಬಂತೆ ಅವನು ಕೇಳಿದನು. ಉಸಿರಾಡುತ್ತಿದ್ದೀಯೆ, ಮಾತನಾಡುತ್ತಿದ್ದೀಯೆ, ದೇಹವಿರುವವರೆಗೆ ನಿನಗೆ ಸ್ಥಳವಿದ್ದೇ ಇದೆ ಎಂದು ಮಾಂಟೇನನು ನ್ಯಾಯ ಹೇಳಿ ಸಮಾಧಾನಪಡಿಸಲು ನೋಡಿದನು. ಆ ಕೋರಿಕೆಯ ಅರ್ಥ ಅವನಿಗೆ ಆಗ ಆಗಲಿಲ್ಲವೆಂದು ತೋರುತ್ತದೆ. ಒಂದೆರಡು ಸಲ ಮಾಂಟೇನನ ಹೆಸರು ಹಿಡಿದು ಕರೆದು, ಆಗಸ್ಟ್ ೧೮ರ ಬುಧವಾರ ಬೆಳಗಿನ ಝಾವ ಸುಮಾರು ಮೂರು ಗಂಟೆಗೆ ಲಾ ಬೊಯೆತಿ ಪ್ರಾಣಬಿಟ್ಟನು. ಅವನಿಗೆ ಮೂವತ್ತೆರಡು ವರ್ಷ, ಒಂಬತ್ತು ತಿಂಗಳು, ಹದಿನೇಳು ದಿನ. ಲೆಕ್ಕ ಮಾಂಟೇನನದು. ಪ್ರೀತಿಸಿದವರು ಮಾತ್ರ ಆಯುಸ್ಸನ್ನು ದಿನಗಳವರೆಗೆ ಎಣಿಸುತ್ತಾರೆ.

ಇಲ್ಲಿ ವಿಮರ್ಶಕರ ಒಂದು ಆಕ್ಷೇಪಣೆಯನ್ನು ಹೇಳಿಬಿಡಬೇಕು. ಈ ಕಾಗದ ಅಚ್ಚಾದದ್ದು ಏಳು ವರ್ಷಗಳ ತರುವಾಯ. ಮಾಂಟೇನನು ಅದನ್ನು ತಿದ್ದಿ ತೀಡಿರಬಹುದು. ಸಾಕ್ರಟೀಸನ ಮರಣದ ಕಥೆಯನ್ನೂ ಸ್ಟೋಯಿಕ್ ತತ್ತ್ವಜ್ಞರ ಗ್ರಂಥಗಳನ್ನೂ ಓದಿದ್ದ ಈ ಪಂಡಿತನು ಮಿತ್ರನ ಸಾವನ್ನು ಅದೇ ಅಚ್ಚಿಗೆ ಎರೆದಿದ್ದಾನೆ ಎನ್ನುತ್ತಾರೆ. ಇರಬಹುದು. ಭಾಷಣಗಳು ತುಂಬ ಉದ್ದವಾಗಿವೆ, ತುಂಬ ಚೆನ್ನಾಗಿಯೂ ಇವೆ. ಆದರೆ ಆ ‘ಸ್ಥಳ’ದ ಮಾತನ್ನು ಯಾವ ಪಂಡಿತನೂ ಕಟ್ಟಿ ಸೇರಿಸಲಾರನೆಂದು ನಮ್ಮ ಅಭಿಪ್ರಾಯ. ಅದು ತತ್ತ್ವಜ್ಞನ ಧೀರಮರಣಕ್ಕೆ ಒಪ್ಪುವುದಿಲ್ಲ, ಚಿತ್ರವನ್ನು ಕೆಡಿಸುತ್ತದೆ. ಕೆಡಿಸಿದರೂ ಅದನ್ನು ಬಿಡದೆ ಬರೆದಿಟ್ಟಿದ್ದಾನೆ.

ನಮ್ಮ ಶಾಸ್ತ್ರಗಳು ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ಹೇಳುತ್ತವೆ. ಅಧ್ಯಯನದಿಂದ ಋಷಿಗಳ ಋಣ, ಯಜ್ಞದಿಂದ ದೇವತೆಗಳ ಋಣ, ಸಂತಾನದಿಂದ ಪಿತೃಗಳ ಋಣ ತೀರುತ್ತದೆ. ಮಿತ್ರನ ಋಣ ಆ ಪಟ್ಟಿಯಲ್ಲಿಲ್ಲ. ಅದನ್ನು ತೀರಿಸುವ ಕರ್ಮವೂ ವಿಧಿಸಲ್ಪಟ್ಟಿಲ್ಲ. ತಂದೆ ಸತ್ತರೆ ಮಗನು ಏನು ಮಾಡಬೇಕೆಂಬುದು ಎಲ್ಲ ದೇಶಗಳಲ್ಲಿಯೂ ಗೊತ್ತಿದೆ. ಗೆಳೆಯ ಸತ್ತರೆ ಗೆಳೆಯನು ಏನು ಮಾಡಬೇಕು? ಶವಸಂಸ್ಕಾರದಲ್ಲಿ ಅವನು ಹಿಂದಿನ ಸಾಲಿನಲ್ಲಿ ನಿಲ್ಲುವವನು. ಮಾಂಟೇನನಿಗೆ ಒದಗಿದ ಕಷ್ಟವೂ ಇದೇ. ತಕ್ಕ ವಿಧಿಯಿಲ್ಲದ ಕಾರಣ ಅದನ್ನು ಅವನೇ ಹುಡುಕಿಕೊಳ್ಳಬೇಕಾಯಿತು.

ಕೂಡಲೇ ಹುಡುಕಿಕೊಂಡನೆಂದು ತಿಳಿಯಬಾರದು. ಮೊದಮೊದಲು ಅವನು ದುಃಖದಿಂದ ತಪ್ಪಿಸಿಕೊಳ್ಳಲು ನೋಡಿದನು. ಮನಸ್ಸನ್ನು ಬೇರೆ ಕಡೆ ಎಳೆಯಲೆಂದು ಬೇಕೆಂದೇ ಪ್ರಣಯಪ್ರಸಂಗಗಳಲ್ಲಿ ತೊಡಗಿದೆನೆಂದು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಪುಸ್ತಕಗಳನ್ನೂ ಹಿಡಿದನು. ೧೫೬೩ರಲ್ಲಿ ಅಚ್ಚಾಗಿದ್ದ ಲುಕ್ರೀಷಿಯಸ್ ಕವಿಯ ಗ್ರಂಥವನ್ನು ಅವನು ಅಂಚಿನಲ್ಲಿ ಟಿಪ್ಪಣಿ ಬರೆಯುತ್ತ ಓದಿ ಮುಗಿಸಿದ್ದು ೧೫೬೪ರ ಅಕ್ಟೋಬರ್ ೧೬ರಂದು. ಅಂದರೆ ಮಿತ್ರನು ಸತ್ತ ಹದಿನಾಲ್ಕು ತಿಂಗಳಿಗೆ. ಮರಣಕ್ಕೆ ಅಂಜಬೇಕಾದ್ದಿಲ್ಲವೆಂದು ವಾದಿಸುವ ಕಾವ್ಯ ಅದು. ತಾರೀಖು ಸಹಿತವಾದ ಆ ಪ್ರತಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂದು ಈಗ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ. ೧೫೬೫ರಲ್ಲಿ ಮದುವೆಯಾಯಿತು. ೧೫೬೮ರಲ್ಲಿ ತಂದೆಯೂ ತೀರಿಕೊಂಡನು. ೧೫೭೦ರಲ್ಲಿ ಮಾಂಟೇನನು ನ್ಯಾಯಾಧಿಪತಿಯ ಹುದ್ದೆಯನ್ನು ಮಾರಿಬಿಟ್ಟನು. ಆಗಿನ ಫ್ರಾನ್ಸಿನಲ್ಲಿ ಇಂಥ ಹುದ್ದೆಗಳು ಮಾರಾಟದ ಸ್ವತ್ತು.

ಕೈ ಬಿಡುವಾದ ಮೇಲೆ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮಿತ್ರನ ಕಾಗದಗಳನ್ನು ಜೋಡಿಸಿ ಪ್ಯಾರಿಸಿನಲ್ಲಿ ಅಚ್ಚು ಹಾಕಿಸುವುದು. ಲಾ ಬೊಯೆತಿ ಬರೆದ ಲ್ಯಾಟಿನ್ ಮತ್ತು ಫ್ರೆಂಚ್ ಪದ್ಯಗಳು, ಗ್ರೀಕಿನಿಂದ ಮಾಡಿದ್ದ ಭಾಷಾಂತರಗಳು, ಇವೆಲ್ಲ ೧೫೭೧ರಲ್ಲಿ ಹೊರಬಂದುವು. ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೊಡ್ಡ ಮನುಷ್ಯನಿಗೆ ಅರ್ಪಣೆಯ ಕಾಗದ ಬರೆದು, ಇಂಥವನು ನಮ್ಮ ನಡುವೆ ಇದ್ದನು, ನೀವು ಅವನನ್ನು ಅರಿಯದೆ ಹೋದಿರಿ ಎಂದು ಮಾಂಟೇನನು ತಿಳಿಸುತ್ತಾನೆ. ಲ್ಯಾಟಿನ್ ಪದ್ಯಗಳು ಸಲ್ಲುವುದು ರಾಜ್ಯದ ಚಾನ್ಸಲರನಾಗಿದ್ದ ಮಿಷೆಲ್ ದ ಲೋಪಿತಾಲನಿಗೆ. ತನ್ನ ಹೆಸರಿನ ಪ್ರಬಂಧಗ್ರಂಥ ಹೊರಡುವುದಕ್ಕೆ ಒಂಬತ್ತು ವರ್ಷ ಮುಂಚೆ ಅವನು ಸತ್ತ ಗೆಳೆಯನ ಪ್ರಕಾಶಕನಾದನೆಂಬುದನ್ನು ನಾವು ಮರೆಯಬಾರದು.

ಈ ಅರ್ಪಣೆಗಳಲ್ಲಿ ಒಂದು ಮಾತ್ರ ದೊಡ್ಡ ಮನುಷ್ಯನಿಗಲ್ಲ. ಅದು ಅವನ ಹೆಂಡತಿ ಫ್ರಾಂಸ್ವಾಸಳಿಗೆ. ೧೫೭೦ರ ಜೂನ್ ತಿಂಗಳಲ್ಲಿ ಅವರಿಗೆ ಚೊಚ್ಚಲು ಹೆಣ್ಣು ಮಗು ಹುಟ್ಟಿ ಎರಡು ತಿಂಗಳಿಗೆ ಹೋಗಿಬಿಟ್ಟಿತು. ಮಿತ್ರನ ಕಾಗದಗಳ ಕಟ್ಟನ್ನು ಬಿಚ್ಚಿದಾಗ ಅದರಲ್ಲಿ ಪ್ಲುಟಾರ್ಕನ ಒಂದು ಪತ್ರದ ಭಾಷಾಂತರವಿತ್ತು. ಗ್ರೀಕ್ ಪಂಡಿತನಾದ ಪ್ಲುಟಾರ್ಕನು ಊರಲ್ಲಿಲ್ಲದಾಗ ಅವನ ಪುಟ್ಟ ಮಗಳು ಸತ್ತಳು. ಸುದ್ದಿ ಕೇಳಿ ಅವನು ಹೆಂಡತಿಗೆ ಬರೆದ ಸಾಂತ್ವನದ ಪತ್ರ ಅದು. ಮಗುವಿನ ಸಾವನ್ನು ನೆನೆದು ಅಳುವುದಷ್ಟೇ ಅಲ್ಲ, ಅದು ಇದ್ದಷ್ಟು ದಿನ ಕೊಟ್ಟ ಸಂತೋಷವನ್ನೂ ನೆನೆಯಬೇಕು, ಕಡೆಯ ದುಃಖದಿಂದ ಮೊದಲಿನ ಸುಖವನ್ನು ಅಳಿಸಬಾರದು ಎಂಬುದು ಅದರ ಭಾವ. ಲಾ ಬೊಯೆತಿ ಅದನ್ನು ಯಾವಾಗಲೋ ವಿದ್ಯಾಸಕ್ತಿಯಿಂದ ಫ್ರೆಂಚಿಗೆ ತಂದಿದ್ದನು. ಗೆಳೆಯನ ಮನೆಯಲ್ಲಿ ಹುಟ್ಟಲಿದ್ದ ಮಗುವಿನ ವಿಚಾರ ಅವನಿಗೇನು ಗೊತ್ತು? ಸೆಪ್ಟೆಂಬರ್ ೧೦ರಂದು ಮಾಂಟೇನನು ಆ ಪತ್ರವನ್ನು ಹೆಂಡತಿಗೆ ಅರ್ಪಿಸಿ, ತನಗೆ ಹೇಳಲು ತಿಳಿಯದ ಮಾತನ್ನು ಪ್ಲುಟಾರ್ಕನು ತನಗಾಗಿ ಹೇಳಲೆಂದು ಅವಳ ಕೈಗಿತ್ತನು. ಏಳು ವರ್ಷದ ಹಿಂದೆ ತೀರಿಕೊಂಡ ಮಿತ್ರನು ಕಷ್ಟದ ದಿನದಲ್ಲಿ ಬಾಗಿಲು ತಟ್ಟಿ ಒಳಗೆ ಬಂದು, ಮಗುವನ್ನು ಕಳೆದುಕೊಂಡ ಮನೆಯಲ್ಲಿ ಕುಳಿತು ಸಮಾಧಾನ ಹೇಳಿ ಹೋದಂತಾಯಿತು. ಆ ದಂಪತಿಗಳಿಗೆ ಹುಟ್ಟಿದ ಆರು ಹೆಣ್ಣು ಮಕ್ಕಳಲ್ಲಿ ಉಳಿದದ್ದು ಒಬ್ಬಳು. ಆ ಪತ್ರವನ್ನು ಅವರು ಮತ್ತೆಷ್ಟು ಸಲ ತೆರೆದರೋ ಬಲ್ಲವರಾರು?

೧೫೭೧ರಲ್ಲಿ, ತನ್ನ ಮೂವತ್ತೆಂಟನೆಯ ಹುಟ್ಟುಹಬ್ಬದ ದಿನ, ಮಾಂಟೇನನು ಲೋಕವ್ಯಾಪಾರದಿಂದ ನಿವೃತ್ತನಾದೆನೆಂದು ತನ್ನ ಮನೆಯ ಗೋಡೆಯ ಮೇಲೆ ಲ್ಯಾಟಿನಿನಲ್ಲಿ ಬರೆಸಿದನು. ಕೋಟೆಮನೆಯ ಮೂಲೆಯಲ್ಲಿದ್ದ ದುಂಡನೆಯ ಗೋಪುರವೇ ಅವನ ವಾಸ. ಕೆಳಗೆ ಪೂಜಾಗೃಹ, ನಡುವೆ ಮಲಗುವ ಕೋಣೆ, ಮೇಲೆ ಪುಸ್ತಕಗಳು. ಮಿತ್ರನು ಕೊಟ್ಟುಹೋದವೂ ಸೇರಿ ಒಂದು ಸಾವಿರದಷ್ಟು ಪುಸ್ತಕಗಳು ಗೋಡೆಯ ಬಾಗಿಗೆ ತಕ್ಕಂತೆ ಐದು ಸಾಲಾಗಿ ಸುತ್ತುವರಿದಿದ್ದುವು. ತೊಲೆಗಳ ಮೇಲೆಲ್ಲ ಗ್ರೀಕ್ ಲ್ಯಾಟಿನ್ ಸೂಕ್ತಿಗಳನ್ನು ಬರೆಸಿದ್ದನು. ೧೮೮೫ರಲ್ಲಿ ಬೆಂಕಿ ಬಿದ್ದು ದೊಡ್ಡ ಮನೆ ಸುಟ್ಟುಹೋದರೂ ಗೋಪುರ ಉಳಿದುಕೊಂಡಿದೆ. ಅಲ್ಲಿ ಕುಳಿತು ಅವನು ಬರೆದದ್ದು ಯಾವ ಶಾಸ್ತ್ರಕ್ಕೂ ಸೇರದ ಒಂದು ಬಗೆಯ ಬರಹ. ಇಂಗ್ಲೆಂಡಿನಲ್ಲಿ ಬೇಕನ್ ಮೊದಲಾದವರ ಕೈಯಲ್ಲಿ ಬೆಳೆದು, ಕೊನೆಗೆ ನಮ್ಮ ಲಲಿತಪ್ರಬಂಧಗಳವರೆಗೆ ಬಂದ ವಂಶಕ್ಕೆ ಅದೇ ಮೂಲ. ಕಾಗದ ಬರೆಯಲು ತಕ್ಕವನೊಬ್ಬನು ಇದ್ದಿದ್ದರೆ ತಾನು ತನ್ನ ಯೋಚನೆಗಳನ್ನು ಕಾಗದಗಳ ರೂಪದಲ್ಲಿಯೇ ಹೊರಡಿಸುತ್ತಿದ್ದೆನೆಂದು ಅವನು ಒಂದು ಕಡೆ ಹೇಳುತ್ತಾನೆ. ಹಿಂದೆ ಅಂಥವನೊಬ್ಬನಿದ್ದನೆಂದು ಸೂಚಿಸಿ ಸುಮ್ಮನಾಗುತ್ತಾನೆ. ಮಿತ್ರನಿಗೆ ಹೇಳಬೇಕಾದ ಮಾತು ಕೇಳುವವನಿಲ್ಲದೆ ಲೋಕಕ್ಕೆಲ್ಲ ಹೇಳಿದ ಮಾತಾಯಿತು. ಪ್ರಬಂಧವೆಂಬ ಸಾಹಿತ್ಯರೂಪವೇ ಹೀಗೆ ಒಂದು ವಿಯೋಗದಿಂದ ಹುಟ್ಟಿತೆನ್ನುವುದು ಸ್ವಲ್ಪ ಅತಿಶಯವಾದೀತು. ಆದರೆ ಬಹಳ ಅತಿಶಯವಾಗಲಾರದು.

ಇನ್ನು ನಡೆಯದಿದ್ದ ಕೆಲಸ. ಲಾ ಬೊಯೆತಿ ಎಳೆಯ ವಯಸ್ಸಿನಲ್ಲಿ ಬರೆದಿದ್ದ ಪ್ರಬಂಧವೊಂದಿತ್ತೆಂದು ಹೇಳಿದೆವಷ್ಟೆ. ಅದರ ಹೆಸರು ‘ಸ್ವಯಂಪ್ರೇರಿತ ದಾಸ್ಯವನ್ನು ಕುರಿತ ಭಾಷಣ’. ಒಬ್ಬ ದೊರೆ ಲಕ್ಷಾಂತರ ಜನರನ್ನು ತುಳಿಯುವುದು ಹೇಗೆ ಸಾಧ್ಯ? ಅವನಿಗೂ ಇರುವುದು ಎರಡೇ ಕೈ, ಎರಡೇ ಕಣ್ಣು. ಜನರೇ ತಮ್ಮ ಕೈಗಳನ್ನೂ ಕಣ್ಣುಗಳನ್ನೂ ಅವನಿಗೆ ಎರವು ಕೊಟ್ಟಿದ್ದಾರೆ. ಅವನನ್ನು ಹೊಡೆದುರುಳಿಸಬೇಕಾಗಿಲ್ಲ; ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ತಾನಾಗಿಯೇ ಬೀಳುತ್ತಾನೆ. ಇದು ಅದರ ವಾದ. ಅಸಹಕಾರದ ಕಾಲವನ್ನು ಕಂಡ ದೇಶದವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಇದು ಮದ್ದಿನ ಮನೆಗೆ ಕಿಡಿ ಹಾಕುವಂಥ ಬರಹ.

ಮಾಂಟೇನನಿಗೆ ಇದ್ದ ಆಸೆ ಈ ಪ್ರಬಂಧವನ್ನು ತನ್ನ ಗ್ರಂಥದ ಹೃದಯಸ್ಥಾನದಲ್ಲಿ ಇಡುವುದು. ಮೊದಲನೆಯ ಸಂಪುಟದಲ್ಲಿ ೫೭ ಅಧ್ಯಾಯಗಳು. ೨೮ನೆಯದು ಸ್ನೇಹವನ್ನು ಕುರಿತದ್ದು. ಅದರ ಮೊದಲಿನಲ್ಲಿಯೇ ಅವನು ಒಂದು ಉಪಮೆ ಕೊಡುತ್ತಾನೆ: ತನ್ನ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಚಿತ್ರಗಾರನು ಗೋಡೆಯ ನಡುವೆ ಒಂದು ಒಳ್ಳೆಯ ಚಿತ್ರ ಬರೆದು ಸುತ್ತಲೂ ಬಳ್ಳಿ, ವಿಕಾರಮುಖ ಮುಂತಾದ ಅಲಂಕಾರಗಳನ್ನು ತುಂಬುತ್ತಿದ್ದನು, ತನ್ನ ಬರಹವೆಲ್ಲ ಆ ಸುತ್ತಲಿನ ಬಳ್ಳಿ, ನಡುವಿನ ಚಿತ್ರ ಮಿತ್ರನದು. ಅಂದರೆ ಮುಂದಿನ ಅಧ್ಯಾಯ, ಸರಿಯಾಗಿ ನಟ್ಟನಡುವಿನ ೨೯ನೆಯದು, ಲಾ ಬೊಯೆತಿಗೆ ಮೀಸಲು. ಸತ್ತವನು ಬೇಡಿದ ‘ಸ್ಥಳ’ ಇದೇ ಎಂದು ನಮಗೆ ಅನ್ನಿಸುತ್ತದೆ. ಮಾಂಟೇನನು ಹಾಗೆಂದು ಎಲ್ಲಿಯೂ ಬರೆದಿಲ್ಲ.

ಆದರೆ ಕಾಲ ಒಪ್ಪಲಿಲ್ಲ. ೧೫೭೨ರ ಆಗಸ್ಟಿನಲ್ಲಿ, ಸಂತ ಬಾರ್ಥೊಲೊಮ್ಯೂವಿನ ಹಬ್ಬದಂದು, ಪ್ಯಾರಿಸಿನಲ್ಲಿ ಪ್ರಾಟೆಸ್ಟಂಟರ ಕಗ್ಗೊಲೆಯಾಯಿತು. ಕೋಪಗೊಂಡ ಪ್ರಾಟೆಸ್ಟಂಟರು ರಾಜನ ಮೇಲೆ ಕತ್ತಿಯಂತೆ ಬೀಸಲು ತಕ್ಕ ಬರಹಗಳನ್ನು ಹುಡುಕುತ್ತಿದ್ದಾಗ ಲಾ ಬೊಯೆತಿಯ ಕೈಬರಹ ಸಿಕ್ಕಿತು. ೧೫೭೪ರಲ್ಲಿ ಅದರ ಭಾಗವನ್ನೂ, ತರುವಾಯ ಪೂರ್ತಿಯಾಗಿಯೂ, ತಮ್ಮ ರಾಜದ್ರೋಹದ ಸಂಪುಟಗಳಲ್ಲಿ ಅಚ್ಚು ಹಾಕಿದರು. ೧೫೭೯ರಲ್ಲಿ ಅಂಥ ಒಂದು ಸಂಪುಟವನ್ನು ಸುಡಬೇಕೆಂದು ಆಜ್ಞೆಯಾಯಿತು. ಆಜ್ಞೆ ಮಾಡಿದ್ದು ಬೋರ್ದೋ ಪಟ್ಟಣದ ನ್ಯಾಯಸಭೆ. ಯಾವ ಸಭೆಯಲ್ಲಿ ಇಬ್ಬರು ಮಿತ್ರರೂ ಕುಳಿತು ನ್ಯಾಯ ತೀರಿಸಿದ್ದರೋ ಅದೇ ಸಭೆ. ಮಾಂಟೇನನ ಪ್ರಬಂಧಗಳು ಅದೇ ಊರಿನಲ್ಲಿ ಅಚ್ಚಾಗಿ ಹೊರಬಂದದ್ದು ಮರುವರ್ಷ, ೧೫೮೦ರಲ್ಲಿ.

ಅವನು ಏನು ಮಾಡಿದನು? ಸ್ನೇಹದ ಅಧ್ಯಾಯವನ್ನು ಓದುತ್ತ ಬಂದರೆ, ಇನ್ನು ಈ ಹುಡುಗನ ಮಾತನ್ನು ಕೇಳೋಣ ಎಂಬಂಥ ಪೀಠಿಕೆ ಬರುತ್ತದೆ. ಹುಡುಗನ ಮಾತು ಬರುವುದಿಲ್ಲ. ಕೆಡುಕು ಮನಸ್ಸಿನವರು ಅದನ್ನು ಈಗಾಗಲೇ ಹೊರಡಿಸಿಬಿಟ್ಟಿರುವುದರಿಂದ ತಾನು ಇಲ್ಲಿ ಸೇರಿಸುವುದಿಲ್ಲವೆಂದು ಹೇಳಿ, ಬದಲಿಗೆ ಮಿತ್ರನ ೨೯ ಪ್ರೇಮಗೀತೆಗಳನ್ನು ೨೯ನೆಯ ಅಧ್ಯಾಯವಾಗಿ ಇಟ್ಟಿದ್ದಾನೆ. ಅಷ್ಟೇ ಅಲ್ಲ, ಅದೆಲ್ಲ ಎಳೆಯ ಹುಡುಗನ ಅಭ್ಯಾಸದ ಬರಹವೆಂದೂ, ಬರೆದವನು ಕಾನೂನಿಗೆ ವಿಧೇಯನಾದ ಪ್ರಜೆಯೆಂದೂ ಸಮರ್ಥಿಸುತ್ತಾನೆ. ಮೊದಲು ಅದನ್ನು ಬರೆದಾಗ ಲಾ ಬೊಯೆತಿಗೆ ಹದಿನೆಂಟು ವರ್ಷವೆಂದಿದ್ದವನು ಮುಂದೆ ಆ ಹದಿನೆಂಟನ್ನು ಹೊಡೆದು ಹದಿನಾರೆಂದು ತಿದ್ದಿದನು.

ಇದು ಅಂಜುಬುರುಕತನವೇ? ಮಿತ್ರದ್ರೋಹವೇ? ಹಾಗೆನ್ನುವವರುಂಟು. ಸತ್ತವನ ಅತ್ಯಂತ ಧೀರವಾದ ಮಾತನ್ನು ಮುಚ್ಚಿಟ್ಟು, ಅತ್ಯಂತ ನಿರಪಾಯಕರವಾದ ಪದ್ಯಗಳನ್ನು ಮೆರೆಸಿದನೆಂದು ಅವರ ದೂರು. ನಾವು ಇದನ್ನು ಬಹಳ ಆಲೋಚಿಸಿ ನೋಡಿದ್ದೇವೆ. ಆ ಪುಸ್ತಕ ಆಗಲೇ ಬೇರೆಯವರಿಂದ ಅಚ್ಚಾಗಿದ್ದಿತು. ಮುಚ್ಚಿಡುವ ಮಾತೇ ಇರಲಿಲ್ಲ. ಉಳಿದಿದ್ದದ್ದು ಬರೆದವನ ಹೆಸರಿನ ಮಾನ. ಒಂದು ಪಕ್ಷದವರು ಅವನನ್ನು ತಮ್ಮ ಬಾವುಟವನ್ನಾಗಿ ಮಾಡಿಕೊಳ್ಳುತ್ತಿದ್ದರು, ಇನ್ನೊಂದು ಪಕ್ಷದವರು ಅವನ ಹಾಳೆಗಳನ್ನು ಸುಡುತ್ತಿದ್ದರು. ಮರಣಶಯ್ಯೆಯಲ್ಲಿ ಅತಿಗೆ ಹೋಗಬೇಡವೆಂದು ಬುದ್ಧಿ ಹೇಳಿದ್ದ ಆ ಮನುಷ್ಯನು ಯಾವ ಪಕ್ಷಕ್ಕೂ ಸೇರಿದವನಲ್ಲವೆಂದು ಸಾಕ್ಷಿ ನುಡಿಯಲು ಲೋಕದಲ್ಲಿ ಮಾಂಟೇನನೊಬ್ಬನೇ ಇದ್ದನು. ವಯಸ್ಸನ್ನು ಎರಡು ವರ್ಷ ಇಳಿಸಿದ್ದು ಇತಿಹಾಸಕಾರನ ಕೆಲಸವಲ್ಲ, ಒಪ್ಪಿದೆವು. ಅದು ಗೆಳೆಯನ ಕೆಲಸ.

ಸ್ನೇಹದ ವಿಷಯದಲ್ಲಿ ಅವನಿಗೆ ನೆಮ್ಮದಿ ಕೊಟ್ಟದ್ದು ಈ ಗ್ರಂಥಕಾರ್ಯಗಳಲ್ಲ, ಬೇರೊಂದು. ಅದು ಎರಡನೆಯ ಸಂಪುಟದಲ್ಲಿ, ತಂದೆಮಕ್ಕಳ ಪ್ರೀತಿಯನ್ನು ಕುರಿತ ಅಧ್ಯಾಯದ ನಡುವೆ ಅಡಗಿಕೊಂಡಿದೆ. ಮೋಂಲುಕನೆಂಬ ವೃದ್ಧ ಸೇನಾಪತಿಯ ಮಗನು ೧೫೬೬ರಲ್ಲಿ ದೂರದ ಮಡೀರಾ ದ್ವೀಪದಲ್ಲಿ ಸತ್ತನು. ಆ ಮುದುಕನು ಮಾಂಟೇನನೊಡನೆ ಹೇಳಿಕೊಂಡು ಪರಿತಪಿಸಿದನು: ತಂದೆಯ ಗಾಂಭೀರ್ಯವನ್ನು ಕಾಪಾಡಿಕೊಳ್ಳಬೇಕೆಂದು ಯಾವಾಗಲೂ ಬಿಗುಮುಖ ತೋರಿಸುತ್ತಿದ್ದೆ, ಮಗನ ಮೇಲೆ ಎಷ್ಟು ಪ್ರೀತಿಯಿತ್ತು, ಎಷ್ಟು ಗೌರವವಿತ್ತು ಎಂಬುದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಪಾಪ ಆ ಹುಡುಗನು ನನ್ನ ಗಂಟುಮುಖವನ್ನೇ ಕಂಡು ಸತ್ತನು. ನಮ್ಮ ಮನೆಗಳಲ್ಲಿಯೂ ಈ ಬಗೆಯ ತಂದೆಗಳು ಅಪರೂಪವಲ್ಲವೆಂದು ಶ್ರೋತೃಗಳು ಒಪ್ಪಿಯಾರು. ಇದನ್ನು ಬರೆದ ಕೂಡಲೇ ಮಾಂಟೇನನು ತನ್ನ ಅನುಭವಕ್ಕೆ ತಿರುಗುತ್ತಾನೆ. ಮಿತ್ರರನ್ನು ಕಳೆದುಕೊಂಡಾಗ ಒಂದೇ ಒಂದು ಸಮಾಧಾನವುಂಟು. ಹೇಳಬೇಕಾದದ್ದನ್ನು ಹೇಳದೆ ಉಳಿಸಲಿಲ್ಲ, ಮನಸ್ಸನ್ನು ಪೂರ್ತಿಯಾಗಿ ಬಿಚ್ಚಿಟ್ಟಿದ್ದೆವು ಎಂಬ ಅರಿವು ಎನ್ನುತ್ತಾನೆ. ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಸಾವನ್ನು ಅವನು ಕ್ಷಮಿಸಿದನೋ ಇಲ್ಲವೋ, ಆ ನಾಲ್ಕು ವರ್ಷಗಳ ಮಾತುಕತೆಗೆ ಕೃತಜ್ಞನಾಗಿದ್ದನು. ಹಾಗೆಂದು ದುಃಖ ಮುಗಿಯಿತೆಂದಲ್ಲ. ಇಷ್ಟನ್ನು ಬರೆದು ಅಚ್ಚು ಹಾಕಿಸಿದ ಮರುವರ್ಷವೇ ಲೂಕಾ ಸಮೀಪದ ಆ ಬೆಳಗು ಬಂದದ್ದು. ಅದೇ ಊರಿನಲ್ಲಿದ್ದಾಗ, ಸೆಪ್ಟೆಂಬರಿನಲ್ಲಿ, ತಾನು ಬೋರ್ದೋ ನಗರದ ಮೇಯರನಾಗಿ ಚುನಾಯಿತನಾಗಿರುವೆನೆಂಬ ಸುದ್ದಿಯೂ ಅವನಿಗೆ ಮುಟ್ಟಿತು.

ಮುಂದೆ ೧೫೮೮ರಲ್ಲಿ ಪ್ರಬಂಧಗಳ ಹೊಸ ಮುದ್ರಣ ಪ್ಯಾರಿಸಿನಲ್ಲಿ ಆಯಿತು. ಅದರ ಒಂದು ಪ್ರತಿಯನ್ನು ಇಟ್ಟುಕೊಂಡು ಮಾಂಟೇನನು ಸಾಯುವವರೆಗೂ ಅಂಚಿನಲ್ಲಿ ತಿದ್ದುಪಡಿಗಳನ್ನು ಬರೆಯುತ್ತ ಹೋದನು. ಆ ಪ್ರತಿ ಬೋರ್ದೋ ನಗರದ ಗ್ರಂಥಾಲಯದಲ್ಲಿದೆ. ಅದರಲ್ಲಿ ೨೯ನೆಯ ಅಧ್ಯಾಯದ ಪ್ರೇಮಗೀತೆಗಳನ್ನೆಲ್ಲ ಅವನು ಗೀಟು ಎಳೆದು ಹೊಡೆದುಹಾಕಿದ್ದಾನೆ. ಆ ಪದ್ಯಗಳು ಬೇರೆ ಕಡೆ ದೊರೆಯುತ್ತವೆಂಬ ಅರ್ಥದ ಒಂದು ಸಣ್ಣ ಸೂಚನೆ ಮಾತ್ರ ಉಳಿದಿದೆ. ಹೀಗೆ ಮೊದಲು ದೊಡ್ಡ ಪ್ರಬಂಧ ಹೋಯಿತು, ತರುವಾಯ ಪದ್ಯಗಳೂ ಹೋದುವು, ಗ್ರಂಥದ ನಟ್ಟನಡುವೆ ಮಿತ್ರನಿಗೆಂದು ಇಟ್ಟ ಜಾಗ ಬರಿದಾಗಿಯೇ ನಿಂತಿತು. ಅಧ್ಯಾಯದ ಸಂಖ್ಯೆಯನ್ನು ಮಾತ್ರ ಅವನು ತೆಗೆಯಲಿಲ್ಲ.

ಅದಕ್ಕೆ ಹಿಂದಿನ ಅಧ್ಯಾಯದಲ್ಲಿ, ಇವನನ್ನು ಏತಕ್ಕಾಗಿ ಅಷ್ಟು ಪ್ರೀತಿಸಿದೆ ಎಂದು ಯಾರಾದರೂ ಒತ್ತಿ ಕೇಳಿದರೆ ಹೇಳಲು ಬರುವುದಿಲ್ಲವೆಂಬ ವಾಕ್ಯವಿದೆ. ಹಿಂದೆ ಅಚ್ಚಾದ ಪುಸ್ತಕಗಳಲ್ಲಿ ವಾಕ್ಯ ಅಲ್ಲಿಗೇ ನಿಲ್ಲುತ್ತಿತ್ತು. ಈ ಪ್ರತಿಯಲ್ಲಿ ಅದರ ಪಕ್ಕದ ಅಂಚಿನಲ್ಲಿ ಅವನ ಕೈಬರಹದ ಎರಡು ಪುಟ್ಟ ಖಂಡಗಳು ಸೇರಿವೆ. ಪ್ರೀತಿಗೆ ಅವನು ಕೊಡುವ ಕಾರಣ ಅಷ್ಟೇ. ಮೊದಲನೆಯದು ಮಿತ್ರನನ್ನು ಕುರಿತದ್ದು. ಎರಡನೆಯದು ತನ್ನನ್ನು ಕುರಿತದ್ದು. ಅದು ಬೇರೆ ಮಸಿಯಲ್ಲಿ, ಇನ್ನೊಂದು ದಿನ ಬರೆದದ್ದು.